ಕಾಫಿಯ ಹೂವರಳಿದಾಗ

ಕಳೆದ ಫಾಲ್ಗುಣದಲ್ಲಿ ತಲಕಾವೇರಿಯ ದರ್ಶನವನ್ನು ಮುಗಿಸಿಕೊಂಡು ಬೆಟ್ಟವಿಳಿದ ನಾವು, ಭಾಗಮಂಡಲಕ್ಕೆ ಅನತಿದೂರದಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬನ ತೋಟದಲ್ಲಿ ಮೂರು ದಿನ ತಂಗಿದ್ದೆವು. ಹೂಮಳೆ ಬಿದ್ದು ಒಂಬತ್ತು ದಿನಗಳಾಗಿದ್ದುವು. ಮುಂಜಾನೆ ಕಿಟಕಿಯ ಕದವನ್ನು ತೆರೆದರೆ ಇಳಿಜಾರೆಲ್ಲವೂ ಬೆಳ್ಳಗಾಗಿತ್ತು. ಮಲ್ಲಿಗೆಯನ್ನು ಹೋಲುವ ಕಂಪು. ಅದರೊಡನೆ ದೂರದಲ್ಲಿ ಯಾರೋ ವೇದಘೋಷ ಮಾಡುತ್ತಿರುವಂತೆ ಎಡೆಬಿಡದ ಒಂದು ಝೇಂಕಾರ. ಮೂವತ್ತು ವರ್ಷಗಳ ಕಾಲ ಷಟ್ಪದ, ಮಧುಕರ, ಭ್ರಮರವೆಂದು ಮಕ್ಕಳಿಂದ ಪರ್ಯಾಯಪದಗಳನ್ನು ಬಾಯಿಪಾಠ ಮಾಡಿಸಿದ ನಾವು, ಆ ಪ್ರಾಣಿಯು ತನ್ನ ಕೆಲಸದಲ್ಲಿ ತೊಡಗಿರುವುದನ್ನು ನಿಂತು ನೋಡಿದ್ದು ಅಂದೇ ಮೊದಲು.

ತೋಟದ ರೊಬಸ್ಟಾ ಕಾಫಿಯು ವಿಚಿತ್ರವಾದ ಗಿಡ. ಅರೇಬಿಕಾ ತಳಿಯು ತನ್ನ ಪರಾಗದಿಂದಲೇ ಕಾಯಿಗಟ್ಟಬಲ್ಲುದು. ರೊಬಸ್ಟಾ ಅದನ್ನು ಒಲ್ಲದು. ಸಗೋತ್ರವಿವಾಹವನ್ನು ನಮ್ಮ ಧರ್ಮಶಾಸ್ತ್ರಕಾರರಿಗಿಂತಲೂ ಬಿಗಿಯಾಗಿ ನಿಷೇಧಿಸಿದಂತಿದೆ. ಬೇರೊಂದು ಗಿಡದ ಪರಾಗ ಬಂದು ಸೇರಿದರೆ ಮಾತ್ರ ಫಲ. ಗಾಳಿಯೂ ಅಷ್ಟಿಷ್ಟು ತರುತ್ತದೆ. ಉಳಿದುದು ತುಡುವೆ, ಹೆಜ್ಜೇನುಗಳ ಪಾಲು. ಹೂವಿನ ಆಯುಷ್ಯವೋ ಎರಡು ಮೂರು ದಿನ.

ಆ ಒಂದೇ ತೋಟದಲ್ಲಿ ಎಷ್ಟು ಬಗೆಯ ದೂತರಿದ್ದಾರೆಂಬುದನ್ನು ಶಿಷ್ಯನು ನಮಗೆ ಸುತ್ತಾಡಿಸಿ ತೋರಿಸಿದನು. ಅಡಕೆಯ ಹೊಂಬಾಳೆಗೆ ಗಾಳಿಯೇ ಮುಖ್ಯ. ಅಮರಸಿಂಹನು ವಾಯುವಿಗೆ ಗಂಧವಹನೆಂಬ ಹೆಸರನ್ನು ಹೇಳಿದ್ದಾನೆ, ಪರಾಗವಹನೆಂದೂ ಸೇರಿಸಬಹುದಾಗಿತ್ತು. ಹಾಲುವಾಣದ ಕೆಂಪು ಹೂಗಳಿಗೆ ಹಕ್ಕಿಗಳು ಮುತ್ತಿಕೊಂಡಿದ್ದುವು. ಮೆಣಸಿನ ಬಳ್ಳಿ ಕಾಯುವುದು ಮುಂಗಾರನ್ನು. ಅದರ ಜೋಲುತೆನೆಯ ಮೇಲಿಂದ ಇಳಿಯುವ ಮಳೆಯ ಹನಿಯು ಪರಾಗವನ್ನು ಕೆಳಗಿನ ಹೂಗಳಿಗೆ ಮುಟ್ಟಿಸುತ್ತದೆ. ಏಲಕ್ಕಿಯ ಹೂವು ಬುಡದಲ್ಲಿ, ನೆಲಕ್ಕೆ ಹತ್ತಿಕೊಂಡು ಅರಳಿ ಒಂದೇ ದಿನ ಇರುವಂಥದು. ಅಲ್ಲಿಗೂ ಜೇನೇ ಬರಬೇಕು.

ಮೂಲೆಯಲ್ಲಿ ಹತ್ತಾರು ವೆನಿಲಾ ಬಳ್ಳಿಗಳು ಉಳಿದಿದ್ದುವು. 2003ರ ಸುಮಾರಿಗೆ ಅದರ ಬೆಲೆ ಗಗನಕ್ಕೇರಿ ಬೇಗನೆ ನೆಲಕ್ಕೆ ಬಿದ್ದ ಕಥೆಯನ್ನು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಮೆಕ್ಸಿಕೋ ದೇಶದಿಂದ ಬಂದ ಈ ಬಳ್ಳಿಗೆ ಇಲ್ಲಿ ದೂತರೇ ಇಲ್ಲ. ಶಿಷ್ಯನ ಮಗಳು ಒಂದು ಸಣ್ಣ ಕಡ್ಡಿಯಿಂದ ಹೂವಿನೊಳಗಿನ ತೆಳುಪರದೆಯನ್ನೆತ್ತಿ, ಪರಾಗವನ್ನು ಹೆಬ್ಬೆರಳಿನಿಂದ ಒತ್ತಿದಳು, ಕಣ್ಣೆವೆಯಿಕ್ಕುವುದರೊಳಗೆ ಮುಗಿಯಿತು. ಈ ಕೈಚಳಕವನ್ನು 1841ರಲ್ಲಿ ರೀಯೂನಿಯನ್ ದ್ವೀಪದಲ್ಲಿ ಕಂಡುಹಿಡಿದವನು ಎಡ್ಮಂಡ್ ಆಲ್ಬಿಯಸ್ ಎಂಬ ಹನ್ನೆರಡು ವರ್ಷದ ಗುಲಾಮಬಾಲಕ. ಲೋಕದ ತಿನಿಸುಗಳಿಗೆ ಪರಿಮಳ ಕೊಟ್ಟ ಆತನು ಬಡತನದಲ್ಲಿಯೇ ತೀರಿಕೊಂಡನು.

“ಇಷ್ಟು ಬಳ್ಳಿಗೆ ಇವಳ ಕೈ ಸಾಕು, ಮೇಷ್ಟರೇ. ಕಾಫಿಗೆ ಯಾರ ಕೈ ಸಾಲುತ್ತದೆ?” ಎಂದನು ಶಿಷ್ಯ.

ಆ ಮಾತಿನ ಹಿಂದೆ ಒಂದು ದುಃಖವಿತ್ತು. ಅವನ ತಂದೆ ಜೇನುಪೆಟ್ಟಿಗೆಗಳನ್ನಿಟ್ಟವರು. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ರೋಗವು ದಕ್ಷಿಣದೇಶಕ್ಕೆ ಬಂದು, ತುಡುವೆಯ ಮರಿಗಳು ನೀರು ತುಂಬಿದ ಚೀಲಗಳಂತಾಗಿ ಗೂಡಿನಲ್ಲೇ ಸತ್ತುವು. ವೃದ್ಧರು ಪ್ರತಿದಿನವೂ ಪೆಟ್ಟಿಗೆಯ ಮುಚ್ಚಳವನ್ನು ತೆಗೆದು ನೋಡಿ, ಒಂದು ಮಾತನ್ನೂ ಆಡದೆ ಮುಚ್ಚುತ್ತಿದ್ದರಂತೆ. ಖಾಲಿ ಪೆಟ್ಟಿಗೆಗಳು ಈಗಲೂ ಕೊಟ್ಟಿಗೆಯ ಅಟ್ಟದ ಮೇಲಿವೆ. ತುಡುವೆ ಮರಳಿ ಬಂದಿದೆ; ಆದರೂ ಆ ತೋಟದ ಹೂಗಳಿಗೆ ಮುಖ್ಯವಾದ ಆಸರೆಯೆಂದರೆ ಗಡಿಯಲ್ಲಿರುವ ಹಿರಿಯ ಬಳಂಜಿ ಮರದಲ್ಲಿ ವರ್ಷವರ್ಷವೂ ಬಂದು ತೂಗುವ ಹೆಜ್ಜೇನು.

ಆ ಮರದ ಬುಡದಲ್ಲಿ ಸುಣ್ಣದ ಗುರುತನ್ನು ಕಂಡೆವು. ಮರದ ವ್ಯಾಪಾರಿಯೊಬ್ಬನು ಒಳ್ಳೆಯ ಬೆಲೆ ಹೇಳಿಹೋಗಿದ್ದನು. ಮಗಳ ಓದಿಗೆ ಹಣ ಬೇಕು. ಕಾಫಿಯ ಹಣ ಬರಲು ಇನ್ನೂ ವರ್ಷ ಬೇಕು. “ನಿಮ್ಮ ಅಭಿಪ್ರಾಯವೇನು?” ಎಂದು ಅವನು ಕೇಳಿದನು. ಪಿಂಚಣಿಯ ಬಲದಲ್ಲಿ ಕುಳಿತು ಉಣ್ಣುವ ನಾವು, ಇನ್ನೊಬ್ಬರ ಮನೆಯ ಖರ್ಚಿನ ಮೇಲೆ ಧರ್ಮವನ್ನು ಬೋಧಿಸುವುದು ಹೇಗೆ? ಮೇಲೆ ನೋಡಿ ಗೂಡುಗಳನ್ನು ಎಣಿಸತೊಡಗಿದೆವು. ಹದಿನೇಳು ಎಂದು ನಾವೆಂದರೆ, ಹತ್ತೊಂಬತ್ತು ಎಂದು ಹುಡುಗಿ ತಿದ್ದಿದಳು.

ಮಳೆಗಾಲದಲ್ಲಿ ಶಿಷ್ಯನಿಂದ ಕಾಗದ ಬಂದಿತು. ಕಾಫಿ ಚೆನ್ನಾಗಿ ಕಾಯಿಗಟ್ಟಿದೆ, ಮಳೆ ಹಿಡಿದಿದೆ, ಮೆಣಸು ತೆನೆ ಬಿಟ್ಟಿದೆ, ಹೆಜ್ಜೇನುಗಳು ಎಂದಿನಂತೆ ಎದ್ದುಹೋದುವು ಎಂದು ಬರೆದಿದ್ದನು. ಮರದ ವಿಷಯವನ್ನು ಎತ್ತಿರಲಿಲ್ಲ. ನಾವೂ ಉತ್ತರದಲ್ಲಿ ಕೇಳಲಿಲ್ಲ. ಮುಂದಿನ ಹೂಮಳೆಗೆ ಬರುವೆವೆಂದು ಮಾತ್ರ ಬರೆದೆವು.