ಎಣ್ಣೆ ಕಂಡ ಜಾಗವೇ ಸೋರುವ ಜಾಗವಲ್ಲ

ಆ ದಿನ ಬೆಳಿಗ್ಗೆ ಅಂಗಳ ಗುಡಿಸುವಾಗ ಜೀಪು ನಿಲ್ಲುವ ಜಾಗದಲ್ಲಿ ನಾಣ್ಯದಷ್ಟು ದೊಡ್ಡ ಕಪ್ಪು ಕಲೆ ಕಂಡಿತು. ಬೂದಿ ಹಾಕಿ ಉಜ್ಜಿದೆ. ಮರುದಿನ ಮತ್ತೆ ಇತ್ತು. ಮೂರನೆಯ ದಿನ ನಮ್ಮವರಿಗೆ ತೋರಿಸಿದೆ. ಅವರ ಮುಖ ಸಣ್ಣದಾಯಿತು.

ಔರಾದದಲ್ಲಿ ನಮ್ಮ ಸಂಸಾರ ನಡೆಯುವುದು ಎರಡು ಯಂತ್ರಗಳ ಮೇಲೆ. ಒಂದು ನನ್ನ ಹೊಲಿಗೆ ಯಂತ್ರ, ಇನ್ನೊಂದು ಹಳೆಯ ಡೀಸೆಲ್ ಜೀಪು. ಸಂತಪೂರ ದಾಟಿ, ಮಾಂಜ್ರಾ ಸೇತುವೆ ದಾಟಿ ಬೀದರಿನ ಆಸ್ಪತ್ರೆಗೆ ಹೋಗುವವರು, ಮದುವೆಗೆ ಹೊರಟವರು ನಮ್ಮ ಜೀಪನ್ನೇ ಕೇಳಿಕೊಂಡು ಬರುತ್ತಾರೆ. ನಮ್ಮವರಿಗೆ ಬೆನ್ನುನೋವು ಶುರುವಾದ ಮೇಲೆ ಮೈದುನನೇ ಗಾಡಿ ಓಡಿಸುತ್ತಿದ್ದ.

ಬೀದರಿನ ಒಂದು ಗ್ಯಾರೇಜಿನಲ್ಲಿ ಬಾನೆಟ್ ಎತ್ತಿ ನೋಡಿ, "ಟರ್ಬೊದ ಕೆಳಗೆಲ್ಲ ಎಣ್ಣೆ ಇದೆ. ಟರ್ಬೊ ಹೋಗಿದೆ. ಹೊಸದು ಹಾಕಬೇಕು, 25 ಸಾವಿರ ಆಗುತ್ತದೆ" ಎಂದರಂತೆ. ಮನೆಯಲ್ಲಿ ಇದ್ದದ್ದೇ ಅಷ್ಟು. ಅದೂ ಮಗಳ ನರ್ಸಿಂಗ್ ಕೋರ್ಸಿನ ಫೀಸಿಗೆಂದು ಎರಡು ವರ್ಷ ಬ್ಲೌಸು, ಸಲ್ವಾರ್ ಹೊಲಿದು ಕೂಡಿಟ್ಟ ಹಣ!

ಅಂದು ರಾತ್ರಿ ನಮ್ಮವರು ತಮ್ಮನ ಮೇಲೆ ರೇಗಿದರು. "ಗಾಡಿಯನ್ನು ಸಿಕ್ಕಾಪಟ್ಟೆ ಓಡಿಸಿ ಹಾಳು ಮಾಡಿದ್ದೀಯ" ಎಂದರು. ಅವನು ಒಂದು ಮಾತೂ ಆಡದೆ, ಊಟವನ್ನೂ ಮಾಡದೆ ಎದ್ದು ಹೋದ. ಅತ್ತೆ ಕಣ್ಣೊರೆಸಿಕೊಂಡರು. ನಾನು ಬಾಯಿ ತೆರೆಯಲಿಲ್ಲ ನಿಜ, ಆದರೆ ನನ್ನ ಮನಸ್ಸೂ ಅವನನ್ನೇ ದೂರುತ್ತಿತ್ತು.

ಭಾಲ್ಕಿಯಲ್ಲಿ ನನ್ನ ಮಾಮೂ ಇದ್ದಾರೆ. ಲಾರಿ ಎಂಜಿನುಗಳ ನಡುವೆಯೇ ಆಯುಷ್ಯ ಕಳೆದವರು. ಫೋನ್ ಮಾಡಿದೆ. ಶುಕ್ರವಾರ ನಮಾಝ್ ಮುಗಿಸಿ ಬಂದರು. ಎಲ್ಲರ ಮಾತೂ ಕೇಳಿದ ಮೇಲೆ ಒಂದೇ ಪ್ರಶ್ನೆ ಹಾಕಿದರು. "ಎಣ್ಣೆ ಎಲ್ಲಿ ಕಂಡಿತು ಅಂತ ಎಲ್ಲರೂ ಹೇಳ್ತೀರಿ. ಎಲ್ಲಿಂದ ಹೊರಟಿತು ಅಂತ ಯಾರು ನೋಡಿದ್ರಿ?"

ಯಾರೂ ನೋಡಿರಲಿಲ್ಲ.

ಟರ್ಬೊ ಎಂದರೇನೆಂದು ಅವರೇ ನನಗೆ ತಿಳಿಸಿದರು. ಎಂಜಿನಿಗೆ ಹೆಚ್ಚು ಗಾಳಿ ತುಂಬಿಸುವ ಪಂಪು ಅದು. ಎಂಜಿನಿನಿಂದ ಹೊರಹೋಗುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡಕ್ಕೆ ಸೇರಿದ ಇನ್ನೊಂದು ಚಕ್ರ ಗಾಳಿಯನ್ನು ಒಳಗೆ ನೂಕುತ್ತದೆ. ಕೆಲವು ದುಬಾರಿ ಕಾರುಗಳಲ್ಲಿ ಹೊಗೆಯ ಬದಲು ಬೆಲ್ಟಿನಿಂದ ಇದೇ ಕೆಲಸ ನಡೆಯುತ್ತದೆ, ಅದಕ್ಕೆ ಸೂಪರ್‌ಚಾರ್ಜರ್ ಎನ್ನುತ್ತಾರೆ. ಸ್ವಿಟ್ಜರ್‌ಲ್ಯಾಂಡಿನ ಆಲ್ಫ್ರೆಡ್ ಬ್ಯೂಖಿ ಎಂಬ ಎಂಜಿನಿಯರ್ 1905ರಲ್ಲೇ ಹೊಗೆಯಿಂದ ತಿರುಗುವ ಈ ಉಪಾಯಕ್ಕೆ ಪೇಟೆಂಟ್ ಪಡೆದಿದ್ದರೆಂದು ಆಮೇಲೆ ಮಗಳು ಓದಿ ಹೇಳಿದಳು. ಆ ದಂಡ ನಿಮಿಷಕ್ಕೆ 1 ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಬಲ್ಲದು. ಅದು ಸವೆಯದಂತೆ ಮೇಲಿನ ಸಣ್ಣ ಪೈಪಿನಿಂದ ಒತ್ತಡದಲ್ಲಿ ಎಣ್ಣೆ ಬರುತ್ತದೆ, ಕೆಳಗಿನ ದಪ್ಪ ಪೈಪಿನಿಂದ ತಾನಾಗಿ ಇಳಿದು ಹೋಗುತ್ತದೆ.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಮಾಮೂ ಗಾಳಿಯ ರಬ್ಬರ್ ಪೈಪು ಬಿಚ್ಚಿ ಚಕ್ರದ ದಂಡವನ್ನು ಬೆರಳಿನಿಂದ ಅಲ್ಲಾಡಿಸಿದರು. ಅಕ್ಕಪಕ್ಕಕ್ಕೆ ತುಸು ಅಲುಗಿತು. "ಇಷ್ಟು ಇರಲೇಬೇಕು. ಹಿಂದೆ ಮುಂದೆ ಜಗ್ಗಿದರೆ, ರೆಕ್ಕೆ ಗೋಡೆಗೆ ಉಜ್ಜಿದರೆ ಮಾತ್ರ ಟರ್ಬೊ ಕೆಟ್ಟಿದೆ ಅಂತ ಲೆಕ್ಕ" ಎಂದರು. ಪೈಪಿನ ಒಳಗೆ ತೆಳ್ಳಗೆ ಎಣ್ಣೆ ಅಂಟಿತ್ತು. ಎಂಜಿನಿನ ಆವಿಯ ಜೊತೆ ಅಷ್ಟು ಬರುವುದು ಸಹಜವಂತೆ.

ಆಮೇಲೆ ನನ್ನ ಕಡೆ ತಿರುಗಿ, "ಮಷಿನ್‌ಗೆ ಎಣ್ಣೆ ಬಿಟ್ಟ ಮೇಲೆ ಬಟ್ಟೆಗೆ ಕಲೆ ಆದರೆ ಏನು ಮಾಡ್ತಿ ಬೇಟಿ?" ಎಂದು ಕೇಳಿದರು.

"ಎಲ್ಲ ಒರೆಸಿ, ಚಿಂದಿ ಬಟ್ಟೆ ಇಟ್ಟು ಓಡಿಸಿ ನೋಡ್ತೀನಿ ಮಾಮೂ."

"ಇಲ್ಲಿಯೂ ಅದೇ."

ಸೀಮೆಎಣ್ಣೆಯ ಬಟ್ಟೆಯಿಂದ ಟರ್ಬೊ, ಪೈಪು, ಬೋಲ್ಟು ಎಲ್ಲ ಒರೆಸಿ ಚೆನ್ನಾಗಿ ಒಣಗಿಸಿದೆವು. ಮಗಳ ಪೌಡರ್ ಡಬ್ಬಿ ತಂದು ಮೇಲಿಂದ ಕೆಳಗಿನವರೆಗೆ ತೆಳ್ಳಗೆ ಉದುರಿಸಿದೆವು. ಮೈದುನ ಎಂಜಿನ್ ಶುರು ಮಾಡಿದ. ಮಾಮೂ ನಮ್ಮನ್ನು ಹತ್ತಿರ ಬರಗೊಡದೆ ಟಾರ್ಚ್ ಹಿಡಿದು ನಿಂತರು. ಹತ್ತು ನಿಮಿಷವಾಯಿತು. ಬಿಳಿ ಪೌಡರಿನ ಮೇಲೆ, ಎಲ್ಲಕ್ಕಿಂತ ಮೇಲೆ, ಸಣ್ಣ ಪೈಪು ಸೇರುವ ಬೋಲ್ಟಿನ ಬುಡದಲ್ಲಿ ಒಂದು ಕಪ್ಪು ಗೆರೆ ಮೂಡಿತು! ನೋಡುತ್ತಿದ್ದಂತೆ ಅದು ಟರ್ಬೊದ ಮೈಮೇಲೆ ಹರಿದು ಕೆಳಗೆ ಬಂದು ಹನಿಯಾಯಿತು. ಗ್ಯಾರೇಜಿನವರು ನೋಡಿದ್ದು ಆ ಹನಿಯನ್ನು ಮಾತ್ರ.

ಆ ಬೋಲ್ಟಿನ ಎರಡೂ ಬದಿಗೆ ತಾಮ್ರದ ವಾಷರ್ ಇರುತ್ತವೆ. ಒಮ್ಮೆ ಬಿಚ್ಚಿದರೆ ಹೊಸದು ಹಾಕಬೇಕು. ಹಿಂದೆ ಯಾರೋ ಬಿಚ್ಚಿ ಹಳೆಯದನ್ನೇ ಕೂರಿಸಿದ್ದಿರಬೇಕು. ಎಂಜಿನ್ ತಣ್ಣಗಾದ ಮೇಲೆ ಹೊಸ ವಾಷರ್ ಹಾಕಿ ಮತ್ತೆ ಒರೆಸಿ, ಮತ್ತೆ ಪೌಡರ್ ಉದುರಿಸಿ ಸಂತಪೂರದವರೆಗೆ ಓಡಿಸಿ ಬಂದರು. ಪೌಡರ್ ಬೆಳ್ಳಗೇ ಇತ್ತು. ರಾತ್ರಿ ಜೀಪಿನ ಕೆಳಗೆ ಹಾಸಿದ ರಟ್ಟಿನ ಮೇಲೂ ಒಂದು ಕಲೆ ಇರಲಿಲ್ಲ. ಅಲ್‌ಹಮ್ದುಲಿಲ್ಲಾಹ್, ಎರಡು ವಾಷರಿನ ಖರ್ಚು ಒಂದು ಹೊತ್ತಿನ ತರಕಾರಿಯಷ್ಟೂ ಆಗಲಿಲ್ಲ.

ಮನೆಯಲ್ಲಿ ಗಾಡಿ ಇರುವ ಸಹೋದರಿಯರು ಇಷ್ಟು ನೆನಪಿಡಿ. ಗಾಡಿ ಸಮತಟ್ಟಾದ ಜಾಗದಲ್ಲಿದ್ದಾಗ, ಎಂಜಿನ್ ನಿಲ್ಲಿಸಿ ಸ್ವಲ್ಪ ಹೊತ್ತಾದ ಮೇಲೆ ಎಣ್ಣೆಯ ಕಡ್ಡಿ ತೆಗೆದು ಮಟ್ಟ ನೋಡಬೇಕು. ಮಟ್ಟ ಬೇಗ ಇಳಿಯುತ್ತಿದ್ದರೆ, ನೀಲಿ ಹೊಗೆ ಬಂದರೆ, ಸುಟ್ಟ ಎಣ್ಣೆಯ ವಾಸನೆ ಹೊಡೆದರೆ ಗಾಡಿ ಓಡಿಸಬಾರದು. ಬಿಸಿ ಹೊಗೆಪೈಪಿನ ಮೇಲೆ ಎಣ್ಣೆ ಬಿದ್ದರೆ ಬೆಂಕಿ ಹತ್ತಬಹುದು. ದೂರದ ಓಟ ಮುಗಿಸಿ ಬಂದಾಗ ಒಂದೆರಡು ನಿಮಿಷ ಎಂಜಿನನ್ನು ಸುಮ್ಮನೆ ಓಡಲು ಬಿಟ್ಟು ಆಮೇಲೆ ನಿಲ್ಲಿಸಿದರೆ ಟರ್ಬೊ ಹೆಚ್ಚು ದಿನ ಬಾಳುತ್ತದೆ. ಎಂಜಿನ್ ಓಡುವಾಗ ಸೆರಗು, ದುಪಟ್ಟಾ ಬೆಲ್ಟಿನ ಹತ್ತಿರ ಸುಳಿಯಬಾರದು.

ಅಂದು ರಾತ್ರಿ ನಮ್ಮವರು ತಾವೇ ಹೋಗಿ ತಮ್ಮನನ್ನು ಊಟಕ್ಕೆ ಕರೆತಂದರು. "ತಪ್ಪಾಯ್ತು, ಮನಸ್ಸಿಗೆ ಹಚ್ಚಿಕೋಬೇಡ" ಎಂದು ಅವನ ತಟ್ಟೆಗೆ ರೊಟ್ಟಿ ಹಾಕಿದರು. ಅವನು ತಲೆ ತಗ್ಗಿಸಿ ನಕ್ಕ. ನಾನು ಅವನನ್ನು ಮನಸ್ಸಿನಲ್ಲೇ ದೂರಿದ್ದು ಯಾರಿಗೂ ಗೊತ್ತಿರಲಿಲ್ಲ. ಊಟವಾದ ಮೇಲೆ ಅದನ್ನೂ ಹೇಳಿದೆ. "ಇರಲಿ ಬಿಡಿ ಭಾಬಿ" ಎಂದ.

ಮಗಳ ಫೀಸು ಈಗ ಕಟ್ಟಿಯಾಗಿದೆ. ಅವಳನ್ನು ಬೀದರಿಗೆ ಬಿಟ್ಟು ಬರಲು ಅದೇ ಜೀಪು, ಅದೇ ಚಿಕ್ಕಪ್ಪ. ಅಂಗಳ ಗುಡಿಸುವಾಗ ಇವತ್ತಿಗೂ ಆ ಜಾಗವನ್ನೊಮ್ಮೆ ಬಗ್ಗಿ ನೋಡುತ್ತೇನೆ.