ಭಾಲ್ಕಿಯ ಸೂಟಿ ಶಿಬಿರ

ಮೇ ತಿಂಗಳ ಬೀದರ್‌ನಲ್ಲಿ ಬಿಸಿಲೇರುವ ಮೊದಲೇ ಹೊರಡಬೇಕು. ಮಹಮೂದ್ ಗವಾನನ ಮದರಸಾದ ಹತ್ತಿರ ಚಹಾ ಕುಡಿದೆ. 1472ರಲ್ಲಿ ಎದ್ದ ಆ ವಿದ್ಯಾಲಯದಲ್ಲಿ ದೂರದ ವಿದ್ಯಾರ್ಥಿಗಳು ಕೋಣೆಗಳಲ್ಲಿ ಉಳಿದೇ ಓದುತ್ತಿದ್ದರು. ಮನೆ ಬಿಟ್ಟು ಬಂದು ಜೊತೆಯಾಗಿ ಉಂಡು ಕಲಿಯುವುದು ಈ ನೆಲಕ್ಕೆ ಹಳೆಯ ರೂಢಿ. ನಾನು ಭಾಲ್ಕಿಗೆ ಹೊರಟಿದ್ದೂ ಅಂಥದ್ದೇ ಒಂದನ್ನು ನೋಡಲು: ಶಾಲೆಯೊಂದರಲ್ಲಿ ನಡೆದಿದ್ದ ಮಕ್ಕಳ ವಚನ ಶಿಬಿರ.

ನಲವತ್ತು ಕಿಲೋಮೀಟರಿನ ದಾರಿ. ಬೀದರಿನ ಕೆಂಪು ಜಂಬಿಟ್ಟಿಗೆ ಹಿಂದೆ ಸರಿದು ಕರಿಮಣ್ಣಿನ ಹೊಲಗಳು ತೆರೆದುಕೊಂಡವು.

ನಾನು ಮುಟ್ಟಿದಾಗ ಬೆಳಗಿನ ಇಷ್ಟಲಿಂಗ ಪೂಜೆ ಮುಗಿದಿತ್ತು. ಹಣೆಗೆ ವಿಭೂತಿ ಇಟ್ಟ ಹುಡುಗರು "ಶರಣು ಶರಣಾರ್ಥಿ" ಎಂದು ಕೈಮುಗಿದರು. ಆಮೇಲೆ ವಚನ ಗಾಯನ. ಹಾರ್ಮೋನಿಯಂ ಮುಂದೆ ಕೂತ ಅಕ್ಕೋರು ಒಂದು ಸಾಲು ಹೇಳಿದರೆ ಇಡೀ ಪಡಸಾಲೆ ತಿರುಗಿ ಹೇಳುತ್ತಿತ್ತು. 'ಕೂಡಲಸಂಗಮದೇವಾ' ಬಂದಾಗ ಮಾತ್ರ ಎಲ್ಲರ ದನಿ ತಾನೇ ಏರುತ್ತಿತ್ತು. ಬಳಿಕ ಕಾಯಕದ ಸರದಿ. ಒಂದು ಗುಂಪು ಅಂಗಳ ಗುಡಿಸಿತು, ಇನ್ನೊಂದು ಗಿಡಗಳಿಗೆ ನೀರು ಹಾಕಿತು. ಐದನೇ ತರಗತಿಯ ಹುಡುಗನೊಬ್ಬ ಪ್ರಸಾದದ ಪಂಕ್ತಿಯಲ್ಲಿ ಜೋಳದ ರೊಟ್ಟಿ ಬಡಿಸುತ್ತಾ, "ಇನ್ನೊಂದು ತಗೋರಿ, ಪುಂಡಿಪಲ್ಯೆ ಭಾಳ ಛಲೋ ಆಗ್ಯದ" ಎಂದು ದೊಡ್ಡವರ ಗತ್ತಿನಲ್ಲಿ ಒತ್ತಾಯ ಮಾಡಿದ. ಯಾರ ಮನೆಯವರು, ಯಾವ ಜಾತಿ ಎಂದು ಆ ಪಂಕ್ತಿಯಲ್ಲಿ ಯಾರೂ ಕೇಳಲಿಲ್ಲ. ವಚನ ಬಾಯಿಪಾಠಕ್ಕಿಂತ ದೊಡ್ಡ ಪಾಠ ಇದೇ ಎಂದು ನನಗನ್ನಿಸಿತು.

ಮಧ್ಯಾಹ್ನ ಬಿಸಿಲಿಗೆ ಎಲ್ಲರೂ ಒಳಗೆ. ಚಿತ್ರ, ಕಥೆ, ನಿದ್ದೆ. ಇಳಿಹೊತ್ತಿಗೆ ಖೋಖೋ, ಆಟ ಮುಗಿದ ಮೇಲೆ ಸುಸಲಾ.

ಅಮೆರಿಕದ ಯೆಹೂದಿ ಕುಟುಂಬಗಳೂ ಬೇಸಿಗೆಯಲ್ಲಿ ಮಕ್ಕಳನ್ನು ಇಂಥ ಶಿಬಿರಗಳಿಗೆ ಕಳಿಸುತ್ತವೆ. ಈಜು, ಆಟಗಳ ನಡುವೆ ಹೀಬ್ರೂ ಹಾಡು, ಶುಕ್ರವಾರ ಸಂಜೆ ಸಬ್ಬತ್ತಿನ ದೀಪ. ಸುತ್ತಲೂ ಬೇರೆ ಭಾಷೆ ತುಂಬಿರುವಾಗ ತಮ್ಮದನ್ನು ಮಕ್ಕಳ ನಾಲಿಗೆಗೆ ದಾಟಿಸುವ ತವಕ ಅವರದು. ಭಾಲ್ಕಿಗೆ ಆ ತವಕ ಚೆನ್ನಾಗಿ ಗೊತ್ತು. ನಿಜಾಮನ ಆಳ್ವಿಕೆಯಲ್ಲಿ ಇಲ್ಲಿನ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು. 1890ರಲ್ಲಿ ಕಮಲನಗರದಲ್ಲಿ ಹುಟ್ಟಿ 1999ರವರೆಗೆ ಬಾಳಿದ ಆ ಹಿರಿಯರಿಗೆ ಬೀದರ್ ಸೀಮೆಯ ಪ್ರತಿ ಕನ್ನಡ ಶಾಲೆಯೂ ಋಣಿ. ಅಂದು ಮರೆಯಲ್ಲಿ ಕಲಿತ ಅಕ್ಷರವನ್ನು ಇಂದು ಮಕ್ಕಳು ಬಯಲಲ್ಲಿ ಗಂಟಲು ಬಿಚ್ಚಿ ಹಾಡುತ್ತಾರೆ.

ಶಿಬಿರದಲ್ಲಿ ಔರಾದ್ ಕಡೆಯ ಹುಡುಗಿಯೊಬ್ಬಳಿದ್ದಳು. ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ. ಅಕ್ಕಮಹಾದೇವಿಯ ವಚನವನ್ನು ಎಲ್ಲರಿಗಿಂತ ಸ್ಪಷ್ಟವಾಗಿ ಹೇಳಿದ್ದಳು. ಕರೆದೊಯ್ಯಲು ಬಂದ ತಾಯಿಯ ಜೊತೆ ಅದೇ ಬಸ್ಸಿನಲ್ಲಿ ನಾನೂ ಔರಾದ್‌ಗೆ ಹೋದೆ. ಗಡಿಯ ಈ ಊರಿಗೆ ಇಂಥ ಶಿಬಿರ ಬೇಕೇಬೇಕು. ಸೂಟಿಯಲ್ಲಿ ಮಕ್ಕಳು ಎಮ್ಮೆಗಳ ಹಿಂದೆ, ಇಲ್ಲವೇ ಮೊಬೈಲಿನ ಮುಂದೆ ಇರುತ್ತಾರೆ. ಅಮರೇಶ್ವರ ಗುಡಿಯ ಊರಲ್ಲಿ ಜಾಗಕ್ಕೇನೂ ಕೊರತೆಯಿಲ್ಲ. ಹಾಗೆಂದಾಗ ತಾಯಿ ತಲೆಯಾಡಿಸಿ, "ಇಲ್ಲೇ ಮಾಡಿದ್ರ ಸಣ್ಣಾವನ್ನೂ ಕಳಿಸ್ತೀನ್ರಿ. ಎರಡನೇತ್ತ್ಯಾಗ ಇದ್ದಾವ್ರನ್ನ ತಗೋತಾರೇನ್ರಿ?" ಎಂದು ಕೇಳಿದರು.