ಮಣಿಯ ಸ್ಕಾರ್ಫು

ಎರಡು ಕಡ್ಡಿ, ಎರಡು ಉಂಡೆ ದಾರ, 240 ಗಾಜಿನ ಮಣಿ: ಇಷ್ಟು ಸಾಮಗ್ರಿಯನ್ನು ಮುಂದಿಟ್ಟುಕೊಂಡು ಪ್ರಬಂಧ ಬರೆಯಹೊರಟ ನನ್ನನ್ನು ಕಂಡು ಅಂತಿಮ ಬಿ.ಎ. ತರಗತಿಯ ಗೆಳತಿಯರು ನಗಬಹುದು. ಅರ್ಥಶಾಸ್ತ್ರದ ಟಿಪ್ಪಣಿಯ ಕೆಳಗೆ ನಾನು ಬಚ್ಚಿಟ್ಟಿದ್ದ ಹೆಣಿಗೆಯನ್ನು ನೋಡಿಯೂ ನೋಡದಂತಿದ್ದ ಅಧ್ಯಾಪಕರು ಮಾತ್ರ ನಗಲಾರರೆಂದು ನಂಬಿದ್ದೇನೆ.

ಕಲಿಸಿದವಳು ಹಾಸ್ಟೆಲಿನ ಕೊಠಡಿಯ ಗೆಳತಿ. ಸಣ್ಣ ಉಲ್ಲನ್ ದಾರಕ್ಕೆ ದಪ್ಪ ಕಡ್ಡಿ ಹಿಡಿದರೆ ಕುಣಿಕೆಗಳು ಸಡಿಲವಾಗಿ, ಬಟ್ಟೆ ಜೇಡರ ಬಲೆಯಂತೆ ಹಗುರಾಗುತ್ತದೆ. ರಷ್ಯದ ಓರೆನ್‌ಬರ್ಗಿನಲ್ಲಿ ಮೇಕೆಯ ನವಿರು ತುಪ್ಪಳದಿಂದ ಹೆಣೆದ ಶಾಲು ಉಂಗುರದೊಳಗೆ ತೂರಿಹೋಗುತ್ತದಂತೆ. ನನ್ನದನ್ನು ಬಳೆಯೊಳಗೆ ತೂರಿಸಿ ನೋಡಿದೆ. ಅರ್ಧ ದೂರ ಬಲು ಗಾಂಭೀರ್ಯದಿಂದ ಹೋಗಿ, ಮಣಿಗಳಿದ್ದ ಕಡೆ ಸಿಕ್ಕಿಕೊಂಡಿತು.

ಈ ಮಣಿಯ ಕೆಲಸದಲ್ಲಿ ಒಂದು ವಿಚಿತ್ರವಿದೆ. ಹೆಣೆಯಲು ಕೂಡುವ ಮೊದಲೇ ಎಲ್ಲ ಮಣಿಗಳನ್ನೂ ದಾರಕ್ಕೆ ಪೋಣಿಸಿರಬೇಕು. ಬೇಕಾದಲ್ಲಿ ದಾರವನ್ನು ಮುಂದಕ್ಕೆ ತಂದು, ಒಂದು ಕುಣಿಕೆಯನ್ನು ಹೆಣೆಯದೆ ಆಚೆಯ ಕಡ್ಡಿಗೆ ಜಾರಿಸಿ, ಅದರ ಮುಂದೆ ಮಣಿಯೊಂದನ್ನು ಸರಿಸಿ, ದಾರವನ್ನು ಹಿಂದಕ್ಕೊಯ್ದು ಮುಂದಿನ ಕುಣಿಕೆಯನ್ನು ಹೆಣೆದರೆ ಮಣಿ ಅಲ್ಲಿಯೇ ನಿಲ್ಲುತ್ತದೆ. ನಡುವೆ ಮಣಿ ಮುಗಿದರೆ ದಾರ ಕತ್ತರಿಸಬೇಕು, ಇಲ್ಲವೆ ಉಂಡೆಯನ್ನೆಲ್ಲ ಬಿಚ್ಚಿ ಇನ್ನೊಂದು ತುದಿಯಿಂದ ಪೋಣಿಸಬೇಕು. ಹೆಚ್ಚಾದರೋ, ತಳ್ಳಿ ತಳ್ಳಿ ದಾರವೇ ಸವೆಯುತ್ತದೆ. ಅದಕ್ಕೆಂದೇ ಎರಡು ತುದಿಗಳಿಂದ ಎರಡು ಅರ್ಧಗಳನ್ನು ಹೆಣೆದು ನಡುವೆ ಕೂಡಿಸುವುದೆಂದು ನಿಶ್ಚಯಿಸಿದೆ. ತುದಿಗೆ ಎಂಟು ಸಾಲು, ಸಾಲಿಗೆ 15 ಮಣಿ; ಉಂಡೆಗೆ 120.

ಪೋಣಿಸಿದವಳು ಅವ್ವ. ದಸರಾ ರಜೆಯಲ್ಲಿ ಸಕಲೇಶಪುರದ ಕಡೆಯ ಕಾಫಿ ತೋಟದ ನಮ್ಮ ಲೈನುಮನೆಯ ಬಾಗಿಲಲ್ಲಿ ಬೆಳಕಿಗೆ ಕೂತು, ಇಪ್ಪತ್ತು ಮಣಿಗೊಂದು ಹುಣಸೆ ಬೀಜ ಎತ್ತಿಡುತ್ತ ಪೋಣಿಸಿದಳು. ಉಂಡೆಗೆ ಆರು ಬೀಜ. ಅಕ್ಷರ ಬಾರದ ಅವಳ ಲೆಕ್ಕ ಅದು.

"ಯಾರಿಗೆ ಮಗಾ ಇದು?"

"ಗೆಳತಿಗೆ ಕಣವ್ವ" ಎಂದೆ.

ನಿಜವಾಗಿ ಅದು ಅವಳಿಗೇ. ಅಚ್ಚರಿಪಡಿಸಬೇಕೆಂದು ಸುಳ್ಳು ಹೇಳಿದೆನೆಂದು ಬರೆದುಬಿಡಬಹುದಾಗಿತ್ತು. ಹಿಂದಿನ ವರ್ಷದ ಕಾಲೇಜು ದಿನಾಚರಣೆಗೆ ಅವಳು ತೋಟಕ್ಕೆ ಹೋಗುವಾಗಿನಂತೆಯೇ ತಲೆಗೆ ಟವೆಲ್ಲು ಕಟ್ಟಿಕೊಂಡು ಬಂದಿದ್ದಳು. ಯಾರೆಂದು ಕೇಳಿದ ಗೆಳತಿಗೆ "ನಮ್ಮೂರಿನವರು" ಎಂದಿದ್ದೆ. ಅದೇನೂ ಸುಳ್ಳಲ್ಲ. ಪಕ್ಕದಲ್ಲೇ ನಿಂತಿದ್ದ ಅವ್ವನಿಗೆ ಕೇಳಿಸಿತೋ ಇಲ್ಲವೋ, ಈವರೆಗೆ ವಿಚಾರಿಸುವ ಧೈರ್ಯ ನನಗಾಗಿಲ್ಲ.

ಎರಡನೆಯ ಅರ್ಧದಲ್ಲಿ ಎಂಟು ಸಾಲು ಮುಗಿದ ಮೇಲೂ ದಾರದಲ್ಲಿ ಒಂದು ಮಣಿ ಉಳಿಯಿತು. ಹುಣಸೆ ಬೀಜದ ಲೆಕ್ಕ ಇಷ್ಟೇ ಎಂದುಕೊಂಡು, ಅದನ್ನು ಒಡೆದು ತೆಗೆಯದೆ ಹಾಗೂ ಹೀಗೂ ಬಿಚ್ಚಿ ಪೆನ್ನಿನ ಡಬ್ಬಿಗೆ ಹಾಕಿದೆ. ಸಂಕ್ರಾಂತಿಗೆ ಹೋದಾಗ ಸ್ಕಾರ್ಫು ಕೊಟ್ಟೆ. "ಹೊರೆಯೇ ಇಲ್ವಲ್ಲ!" ಎಂದು ಅಂಗೈಯಲ್ಲಿ ತೂಗಿ ನೋಡಿ ಟ್ರಂಕಿನಲ್ಲಿಟ್ಟಳು.

ಈ ಸಲದ ದಿನಾಚರಣೆ ಬಂದದ್ದು ಫೆಬ್ರವರಿಯಲ್ಲಿ, ರೊಬಸ್ಟಾ ಹಣ್ಣಿನ ಕೊಯ್ಲಿನ ನಡುವೆ. ಒಂದು ದಿನದ ಕೂಲಿ ಬಿಟ್ಟು ಬಂದಳು. ತಲೆಯ ಮೇಲೆ ಅದೇ ಟವೆಲ್ಲು. ಗೇಟಿನ ಬಳಿ ಚೀಲದಿಂದ ಸ್ಕಾರ್ಫು ತೆಗೆದು, "ಈಗ ಹಾಕ್ಕಬೇಕಾ?" ಎಂದು ಕೇಳಿದಳು.

ನನ್ನ ಬಾಯಿಂದ ಮಾತು ಹೊರಡಲಿಲ್ಲ. ಅವಳು ಕಟ್ಟೆಯ ಮೇಲೆ ಕೂತು ಅದನ್ನು ತೊಡೆಯ ಮೇಲೆ ಹರಡಿ, ಮಣಿಗಳ ಮೇಲೆ ಬೆರಳಾಡಿಸುತ್ತ ಹೋದಳು. ಮೂರನೆಯ ಸಾಲಿನಲ್ಲಿ ಬೆರಳು ನಿಂತಿತು.

"ಇಲ್ಲೊಂದು ಬಿಟ್ಟಿದ್ದೀಯ ಕಣೇ. ನಾನು ಸರಿಯಾಗೇ ಎಣಿಸಿದ್ದೆ."

ಅಷ್ಟರಲ್ಲಿ ಗೆಳತಿಯರು ಬಂದರು. "ನಮ್ಮವ್ವ" ಎಂದೆ. ಅವ್ವ ಟವೆಲ್ಲು ಸರಿಮಾಡಿಕೊಂಡು ಎಲ್ಲರಿಗೂ ಕೈಮುಗಿದಳು. ಸಂಜೆ, ಮಣಿ ಕೂರಿಸಿಕೊಂಡು ಬಾ ಎಂದು ಸ್ಕಾರ್ಫನ್ನು ನನ್ನ ಕೈಗೇ ಕೊಟ್ಟು, ಐದು ಗಂಟೆಯ ಬಸ್ಸಿಗೆ ಹೊರಟುಹೋದಳು.